ಒಪ್ಪಿಗೆಯೇ ಅಂತ ಕೇಳಿದ್ದರು

ನನಗೆ ಕಣ್ಣು ಕಾಣಿಸುವುದಿಲ್ಲ. ಅದಕ್ಕೆ ಬದಲು ಬಾಯಿಯನ್ನು ಎರಡು ಪಾಲು ಕೊಟ್ಟಿದ್ದಾನೆ ಶಿವ ಅಂತ ಅಜ್ಜಂಪುರದ ನಮ್ಮ ಬೀದಿಯಲ್ಲೆಲ್ಲ ಮಾತು. ಆಡಿಕೊಳ್ಳಲಿ ಬಿಡಿ. ಆ ಬಾಯಿ ಮುಚ್ಚಿಕೊಂಡದ್ದು ಒಂದೇ ಸಲ. ಅದನ್ನು ಹೇಳುತ್ತೇನೆ, ಕೇಳಿ.

ತರೀಕೆರೆಯ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಸದಸ್ಯರ ವಿವರ ತುಂಬುವುದು. ಯುಗಾದಿವರೆಗೆ ನೋಡುತ್ತೇವೆ, ಸರಿಹೋದರೆ ಕಾಯಂ ಎಂದಿದ್ದರು ಕಾರ್ಯದರ್ಶಿ ರುದ್ರಮೂರ್ತಿ. ಮನೆಯಲ್ಲಿ ಕೂತು ಬಂದವರಿಂದೆಲ್ಲ 'ಪಾಪ' ಅನ್ನಿಸಿಕೊಳ್ಳುವುದು ತಪ್ಪಿತಲ್ಲ ಅಂತ ಹಿಗ್ಗಿ ಹೀರೇಕಾಯಿ ಆಗಿದ್ದೆ.

ಪರದೆಯ ಮೇಲಿರುವುದನ್ನು ನನಗೆ ಓದಿ ಹೇಳುವುದು ಸ್ಕ್ರೀನ್ ರೀಡರ್ ಅನ್ನುವ ತಂತ್ರಾಂಶ. ಪುಕ್ಕಟೆ ಸಿಗುವಂಥದ್ದು, ದೇಶದೇಶಗಳ ಜನ ಸೇರಿ ಬರೆದದ್ದು. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಸಂಘದ ಫಾರಂನಲ್ಲಿ ಊರಿನ ಹೆಸರು ಆರಿಸುವ ಜಾಗ ಬಂತೆಂದರೆ ಸಾಕು, ಈ ಮಹಾರಾಯ ಮಾತು ನಿಲ್ಲಿಸಿಬಿಡುತ್ತಿತ್ತು. ನಾನು ಆರಿಸಿದ್ದು ಅಮೃತಾಪುರವೋ ಬುಕ್ಕಾಂಬುಧಿಯೋ, ಗೊತ್ತಾಗುವುದು ಹೇಗೆ? ಪ್ರತಿ ಸಲ ಪಕ್ಕದ ಮೇಜಿನ ಪ್ರತಿಮಾಳನ್ನು ಕೂಗಬೇಕು. ಮೊದಮೊದಲು ನಗುತ್ತಾ ಬರುತ್ತಿದ್ದಳು. ಆಮೇಲೆ ಕುರ್ಚಿಯನ್ನು ಕಿರ್ರೆಂದು ತಳ್ಳಿ ಬರುತ್ತಿದ್ದಳು.

ಸಿಟ್ಟು ಬಂತು. ಕೋಡ್ ಬರೆಯುವುದನ್ನು ಮೊದಲೇ ಕಲಿತಿದ್ದೆ, ಮನೆಯಲ್ಲಿ ಆ ಫಾರಂನಂಥದ್ದೇ ಒಂದು ಪುಟ ಮಾಡಿಕೊಂಡು ಹುಡುಕಿದೆ. ತಪ್ಪು ಸಿಕ್ಕಿತು, ತಿದ್ದಿದೆ. ಮಹಾರಾಯ ಗಿಣಿಯಂತೆ ಮಾತಾಡಿತು! ಕುಣಿಯುತ್ತಾ ಹೋಗಿ ರುದ್ರಮೂರ್ತಿಯವರಿಗೆ ಹೇಳಿದೆ.

"ನೀನು ತಿದ್ದಿದ್ದನ್ನೆಲ್ಲ ಇಲ್ಲಿ ಹಾಕಂಗಿಲ್ಲ ಕಣಮ್ಮಾ. ಅವ್ರೇ ಬಿಡುಗಡೆ ಮಾಡಿದ್ದು ಬರ್ಲಿ, ಹಾಕ್ಕೊಳೋವಂತೆ," ಎಂದರು.

ಹೊಸ ಆವೃತ್ತಿ ಬರುವುದು ಯುಗಾದಿಗೆ ಮುಂಚೆ. ಅದರೊಳಗೆ ನನ್ನ ತಿದ್ದುಪಡಿ ಸೇರಿದರೆ ಕೆಲಸ ಉಳಿಯಿತು. ಅಂದೇ ಕಳಿಸಿದೆ. ನೋಡಿ ಸೇರಿಸುವ ಹಿರಿಯರು ಯಾನ್ ಅಂತ, ಯಾವುದೋ ಚಳಿದೇಶದವರು. ಉತ್ತರ ಬೇಗ ಬಂತು. ಕೆಲಸ ಚೆನ್ನಾಗಿದೆ, ಇದನ್ನು ಎರಡು ಭಾಗ ಮಾಡಿ ಸೇರಿಸೋಣ ಅಂತಿದ್ದೇನೆ, ನಿಮಗೆ ಒಪ್ಪಿಗೆಯೇ ಅಂತ ಕೇಳಿದ್ದರು.

ಎರಡು ಭಾಗ ಯಾಕೆ? ಒಂದೇ ಇದ್ದರೆ ಇವರ ಗಂಟೇನು ಹೋಗುತ್ತದೆ? ಪಟಪಟ ಅಂತ ಜಗಳದ ಉತ್ತರ ಟೈಪು ಮಾಡುತ್ತಿದ್ದೆ. ಅಪ್ಪಾಜಿ ಪಕ್ಕದಲ್ಲೇ ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಏನು ಅಂತ ಕೇಳಿದರು, ಹೇಳಿದೆ.

"ಲೇ, ಅಷ್ಟು ದೊಡ್ಡೋರು ನಿನ್ನ ಒಂದು ಮಾತು ಕೇಳವ್ರೆ ಅಂದ್ರೆ ಅದೇ ಹೆಚ್ಚು ಕಣೇ! ಮಠದಲ್ಲಿ ನಮ್ ಸ್ವಾಮಿಗಳು, ಬುದ್ಧಿಯೋರು, ಹಿಂಗ್ ಮಾಡಾಣ್ವಾ ಅಂದ್ರೆ ಯಾರಾದ್ರೂ ಬಾಯಿ ಬಿಡ್ತಾರಾ? ಕೈಮುಗ್ದು ನಿಂತ್ಕಂತಾರೆ. ಬುದ್ಧಿಯೋರು ಮುಂದಿನ ಕೆಲ್ಸ ನೋಡ್ತಾರೆ. ಸುಮ್ನಿರು."

ನಿಜ, ನಮ್ಮಲ್ಲಿ ಹಾಗೇ. ಅಕ್ಕನ ಮದುವೆ ಮಾತಿನಲ್ಲೂ ಹಾಗೇ ಆಯಿತು. ಒಪ್ಪಿಗೆಯೇನಮ್ಮ ಎಂದಾಗ ಅವಳು ತಲೆ ತಗ್ಗಿಸಿ ಕೂತಳು, ತಕ್ಷಣ ಸಕ್ಕರೆ ಹಂಚಿದರು. ಬರೆದದ್ದನ್ನೆಲ್ಲ ಅಳಿಸಿದೆ. ಸುಮ್ಮನಾದೆ.

ದಿನಾ ತೆಗೆದು ನೋಡುತ್ತಿದ್ದೆ. ಏನೂ ಇಲ್ಲ. ದೊಡ್ಡವರಿಗೆ ನೂರೆಂಟು ಕೆಲಸ, ಮಾಡುತ್ತಿರುತ್ತಾರೆ ಅಂದುಕೊಂಡೆ. ಹೊಸ ಆವೃತ್ತಿ ಬಂದ ದಿನ ಬಸ್ಸಿನಲ್ಲೇ ಫೋನನ್ನು ಕಿವಿಗಿಟ್ಟು ಕೇಳಿದೆ. ನನ್ನ ತಿದ್ದುಪಡಿ ಅದರಲ್ಲಿರಲಿಲ್ಲ. ಕಳಿಸಿದವರಿಂದ ಉತ್ತರ ಬಾರದ ಕಾರಣ ಈ ತಿದ್ದುಪಡಿಯನ್ನು ಸೇರಿಸದೆ ಮುಚ್ಚಲಾಗಿದೆ ಅಂತ ಒಂದು ಸಾಲು ಬಂದಿತ್ತು. ಇಳಿಯುವ ಸ್ಟಾಪು ದಾಟಿದ್ದೂ ತಿಳಿಯಲಿಲ್ಲ.

ಕೂಡಲೇ ಬರೆದೆ. ಯಾನ್ ಬಹಳ ನೊಂದುಕೊಂಡು ಉತ್ತರಿಸಿದರು. ನಿಮ್ಮ ಒಪ್ಪಿಗೆಗಾಗಿಯೇ ಕಾಯುತ್ತಿದ್ದೆ, ಇನ್ನೊಬ್ಬರ ಕೆಲಸವನ್ನು ಅವರು ಹ್ಞೂಂ ಅನ್ನದೆ ಮುಟ್ಟುವುದು ಸರಿಯಲ್ಲ, ಮುಂದಿನ ಆವೃತ್ತಿಯಲ್ಲಿ ಖಂಡಿತ ಇರುತ್ತದೆ ಅಂತ. ಎಂಥ ಮರ್ಯಾದೆ ಕಣ್ರೀ! ಆ ಮರ್ಯಾದೆಗೆ ಬೆಂಕಿ ಹಾಕ. ಮುಂದಿನ ಆವೃತ್ತಿ ಬರುವುದು ದೀಪಾವಳಿ ಹೊತ್ತಿಗೆ.

"ದೀಪಾವಳಿವರೆಗೆ ತಡ್ಕೊಳಿ ಸಾರ್," ಎಂದು ರುದ್ರಮೂರ್ತಿಯವರನ್ನು ಬೇಡಿಕೊಂಡೆ. ಜೀವಮಾನದಲ್ಲಿ ಯಾರನ್ನೂ ಹಾಗೆ ಬೇಡಿದವಳಲ್ಲ ನಾನು.

"ನಾನೇನ್ ಮಾಡ್ಲಮ್ಮಾ? ಒಬ್ರ ಕೆಲ್ಸಕ್ಕೆ ಇಬ್ರು ಯಾಕೆ ಅಂತಾರೆ ಕಮಿಟಿಯೋರು. ಪ್ರತಿಮಾನೂ ಹೇಳಿ ಹೇಳಿ ಸಾಕಾಗವ್ಳೆ." ದನಿಯಲ್ಲಿ ಕೆಡುಕಿರಲಿಲ್ಲ. ಜಗಳವಾಡಲಿಕ್ಕೂ ಆಗದಂಥ ಮೆತ್ತನೆ ದನಿ ಅದು.

ಯುಗಾದಿಯ ಹೋಳಿಗೆಯನ್ನು ಯಾರು ತಿಂದರೋ ಕಾಣೆ. ಅಪ್ಪಾಜಿ ನನ್ನ ಹತ್ತಿರ ಬಂದು ಕೆಮ್ಮುವರು, ಹೋಗುವರು. ಅವರನ್ನು ಬೈಯಬೇಕು ಅಂತ ಬಾಯಿಯವರೆಗೂ ಬರುತ್ತಿತ್ತು. ಬೈದರೆ ಬಸ್ಸು ಹತ್ತುವ ಬೆಳಗು ತಿರುಗಿ ಬರುತ್ತದೆಯೇ?

ದೀಪಾವಳಿಗೆ ಹೊಸ ಆವೃತ್ತಿ ಬಂತು.

"ನಿನ್ನ ಹೆಸ್ರು ಹಾಕವ್ರೇನೇ?" ಅಪ್ಪಾಜಿ ಕೇಳಿದರು.

"ಹಾಕವ್ರೆ ಅಪ್ಪಾಜಿ. ಸ್ಫೂರ್ತಿ, ಅಜ್ಜಂಪುರ ಅಂತ."

ಮಠದಲ್ಲೆಲ್ಲ ಹೇಳಿಕೊಂಡು ಬಂದರು. ಪಾಪ, ಅವರ ಸಂತೋಷಕ್ಕೆ ಅಡ್ಡ ಬರಲಿಲ್ಲ ನಾನು. ಆ ಫಾರಂ ಇರುವುದು ಸಂಘದಲ್ಲಿ ಮಾತ್ರ. ಅಲ್ಲಿ ನನ್ನ ಕುರ್ಚಿಯಲ್ಲಿ ಈಗ ಪ್ರತಿಮಾಳ ತಂಗಿ ಕೂತಿದ್ದಾಳೆ. ಅವಳಿಗೆ ಕಣ್ಣು ಕಾಣುತ್ತದೆ.