ಹಗೇವಿನ ಕಲ್ಲಿನ ಮೇಲೆ

ನೀಲಾಂಬಿಕೆ ಮಡಕೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಹಿಟ್ಟು ತೊಳಸುತ್ತಿದ್ದಳು. ಈ ಹೊತ್ತಿನಲ್ಲಿ ಕೈ ಬಿಟ್ಟರೆ ಮುದ್ದೆಯೆಲ್ಲ ಗಂಟು. ಅದು ಗೊತ್ತಿದ್ದೂ ಅವಳ ಗಂಡ ಪರಮಶಿವಯ್ಯ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಓದುತ್ತಲೇ ಇದ್ದ.

"'ಯುದ್ಧಕಾಲದ ಆಹಾರ ಪರಿಸ್ಥಿತಿಯನ್ನು ಲಕ್ಷ್ಯದಲ್ಲಿಟ್ಟುಕೊಂಡು ಹಾಸನ ಸೀಮೆಯ ರೈತಾಪಿ ಜನರು ತಮ್ಮ ಹೆಚ್ಚುವರಿ ಧಾನ್ಯವನ್ನು...' ಕೇಳಿಸ್ತಿದೆಯೇನೇ?"

"ಕೇಳಿಸ್ತಿದೆ. ಇದನ್ನ ಯಾರಿಗೆ ಹೇಳ್ತಿದೀರಿ?"

"ಯಾರಿಗೆ ಅಂದ್ರೆ? ರೇಡಿಯೋ ಕಣೇ. ಸೀಮೆಗೆಲ್ಲ."

"ಸೀಮೆಗೆಲ್ಲ ಹೇಳಿದ್ರೆ ಯಾರೂ ಕೇಳಲ್ಲ. ಒಬ್ಬರಿಗೆ ಹೇಳಿ."

ಪರಮಶಿವಯ್ಯ ಹಾಸನದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ರೇಡಿಯೋದಲ್ಲಿ ಊರ ಸಮಾಚಾರ ಓದುವ ಅವಕಾಶ ಸಿಕ್ಕಿತ್ತು. ಮೊದಲ ಸಲ ಓದಿದಾಗ ಪಕ್ಕದ ವಕೀಲರ ಜಗಲಿಯಲ್ಲಿ ಕೇಳುತ್ತ ಕೂತಿದ್ದವರು ಅರ್ಧಕ್ಕೇ ಎದ್ದು ಎಲೆಯಡಿಕೆಗೆ ಹೋದರಂತೆ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅವನು ಅಡುಗೆಮನೆಯ ಹೊಸ್ತಿಲಿಗೆ ಬಂದದ್ದು.

ಹೊಳೆನರಸೀಪುರದ ತವರಿನ ಹಿತ್ತಿಲಲ್ಲಿ ಹುಣಸೆಹಣ್ಣು ಕುಟ್ಟುವ ಹೆಂಗಸರಿಗೆ ನೀಲಾಂಬಿಕೆ ಕಥೆ ಹೇಳಿ ಬೆಳೆದವಳು. ಕುಟ್ಟುವ ಸದ್ದು ಜೋರಾದರೆ ಅವರಿಗೆ ಬೇಸರ ಬಂದಿದೆ ಎಂದರ್ಥ. ಕೈ ನಿಂತರೆ ಕಥೆ ಹಿಡಿದಿದೆ. ಅವಳಿಗಿದ್ದ ಪಾಠಶಾಲೆ ಅದೊಂದೇ.

"ದುದ್ದದಿಂದ ಬೆಣ್ಣೆ ತರ್ತಾಳಲ್ಲ ಚಿಕ್ಕಲಕ್ಷ್ಮಮ್ಮ, ಸರ್ಕಾರಕ್ಕೆ ರಾಗಿ ಅಳ್ಕೊಂಡು ಹೋಗೋ ಲೆವಿಯವರು ಬಂದಾಗ ಹೋಗಿ, ನೆಲದಡಿ ರಾಗಿ ತುಂಬಿಟ್ಟ ಹಗೇವಿನ ಬಾಯಿಕಲ್ಲಿನ ಮೇಲೆ ಕೂತ್ಕೊಂಡಳಂತೆ. ಅಲ್ಲಿಂದ ಶುರು ಮಾಡಿ. ಯಾಕೆ ಕೂತಳು ಅಂತ ಆಗಲೇ ಹೇಳಬೇಡಿ. ಅವರು ಎದ್ದೇಳು ಅಂತಾರೆ, ಅವಳು ಮೊರ ತಗೊಂಡು ಹುರುಳಿ ಕೇರ್ತಾಳೆ. ಆ ಮೊರದ ಸದ್ದು ನಿಮ್ಮ ಬಾಯಲ್ಲಿ ಬರಲಿ. ಆಮೇಲೆ ಒಂದು ಗಳಿಗೆ ಸುಮ್ಮನಿರಿ."

"ರೇಡಿಯೋದಲ್ಲಿ ಸುಮ್ಮನಿರೋದಾ! ಪೆಟ್ಟಿಗೆ ಕೆಟ್ಟೋಯ್ತು ಅಂತ ಏಟು ಹಾಕ್ತಾರೆ."

"ಇಲ್ಲ, ಕಿವಿ ಹತ್ತಿರ ತರ್ತಾರೆ. ಪುಸ್ತಕ ಆದ್ರೆ ಹಿಂದಿನ ಪುಟ ತಿರುವಿ ನೋಡಬಹುದು. ಕಿವಿಗೆ ಹಿಂದಿನ ಪುಟ ಇಲ್ಲ. ಅದಕ್ಕೇ ಚಿಕ್ಕ ಚಿಕ್ಕ ಮಾತು ಬೇಕು. ಪಲ್ಲದ ಲೆಕ್ಕ, ಸರ್ಕಾರದ ಹುಕುಂ ಎಲ್ಲ ಆಮೇಲಿರಲಿ. ಅಷ್ಟೊತ್ತಿಗೆ ಅವರು ನಿಮ್ಮ ಕೈಯಲ್ಲಿರ್ತಾರೆ."

ಪೆನ್ಸಿಲ್ಲು ಕರಕರ ಓಡುತ್ತಿತ್ತು. "ಕೊನೆಗೇನಾಯ್ತು?"

"ಏಳಲೇ ಇಲ್ಲ. ಮುಂದಿನ ಸುಗ್ಗಿವರೆಗೆ ಮನೆಮಂದಿಗೆಲ್ಲ ಇರೋದು ಅದೇ ರಾಗಿ. ಬಂದವರು ಹಾಗೇ ಹೋದರು. ಅದನ್ನ ನೋಡಿ ಬೀದಿ ಹೆಂಗಸರೆಲ್ಲ ಅವರವರ ಹಗೇವಿನ ಮೇಲೆ ಕೂತಿದಾರಂತೆ."

ಪೆನ್ಸಿಲ್ಲು ನಿಂತದ್ದು ಅವಳಿಗೆ ಕೇಳಿಸಿತು. ಹಿಟ್ಟು ಬಿಗಿಯಾಗುವ ಹೊತ್ತು, ಅವಳು ತಿರುಗಿ ನೋಡಲಿಲ್ಲ.

ರೇಡಿಯೋದಲ್ಲಿ ಗಂಡನ ಮಾತು ಬರುವ ದಿನ ನೀಲಾಂಬಿಕೆ ವಕೀಲರ ಮನೆಗೆ ಹೋದಳು. ಗಂಡಸರು ಜಗಲಿಯಲ್ಲಿದ್ದರು. ಹೆಂಗಸರು ಬಾಗಿಲ ಒಳಗೆ ಅವರೆಕಾಯಿ ಬಿಡಿಸುತ್ತ ಕೂತರು. "ಒಬ್ಬ ಹೆಂಗಸು ಕಲ್ಲಿನ ಮೇಲೆ ಕೂತಳು," ಎಂದಿತು ಪರಮಶಿವಯ್ಯನ ಧ್ವನಿ. ವಕೀಲರ ಹೆಂಡತಿ ರೇವಮ್ಮನ ಕೈ ನಿಂತಿತು. ಮೊರದ ಸದ್ದಿಗೆ ಎಲ್ಲರ ಕೈಯೂ ನಿಂತಿತು. ನೀಲಾಂಬಿಕೆಗೆ ಎದೆ ತುಂಬಿ ಬಂತು. ಆಮೇಲೆ ಅವಳೇ ಕಲಿಸಿದ ಆ ಒಂದು ಗಳಿಗೆಯ ಮೌನ. ಜಗಲಿಯಲ್ಲಿ ಯಾರೋ ಕೆಮ್ಮನ್ನು ನುಂಗಿಕೊಂಡರು.

"ಆ ತಾಯಿ ಎದ್ದಳು. ಕಣ್ಣೀರು ಒರೆಸಿಕೊಂಡು ತನ್ನ ಕೈಯಾರೆ ಕಲ್ಲು ಸರಿಸಿದಳು. ನಮ್ಮ ಸಿಪಾಯಿಗಳು ಉಣ್ಣಲಿ, ಎಂದಳು."

ರೇವಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ನೀಲಾಂಬಿಕೆಯ ಬೆರಳಲ್ಲಿ ಅವರೆಕಾಳು ಹಿಸುಕಿಹೋಗಿತ್ತು. ಆ ಮೌನ ಇಲ್ಲದಿದ್ದರೆ ಈ ಸುಳ್ಳನ್ನು ಯಾರೂ ನಂಬುತ್ತಿರಲಿಲ್ಲ.

ಗಂಡ ಮೈಸೂರಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಏಳಲಿಲ್ಲ ಅಂದಿದ್ದೆನಲ್ಲ?"

"ಏಳಲಿಲ್ಲ ಅಂತ ಬರೆದರೆ ನನ್ನ ನೌಕರಿ ಉಳಿಯುತ್ತಾ? ಹೆಸರೇನೂ ಹೇಳಿಲ್ಲ, ದುದ್ದ ಅಂದೆ ಅಷ್ಟೆ. ಜನ ಅತ್ತರಂತೆ ಕಣೇ ನೀಲಾ!"

ಸೋಮವಾರ ಚಿಕ್ಕಲಕ್ಷ್ಮಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ತಲೆಯ ಮೇಲೆ ಬೆಣ್ಣೆ ಕುಕ್ಕೆ ಇರಲಿಲ್ಲ.

"ನಾನು ಯಾವಾಗ ಎದ್ದೆ ನೀಲವ್ವಾರೆ?"

ನೀಲಾಂಬಿಕೆ ಮಣೆ ತಂದು ಹಾಕಿದಳು. ಚಿಕ್ಕಲಕ್ಷ್ಮಮ್ಮ ಕೂರಲಿಲ್ಲ.

"ಪಟೇಲ್ರ ಮನೆ ರೇಡಿಯೋದಾಗ್ ಬಂದದೆ. ನಾನ್ ಅತ್ನಂತೆ ಬ್ಯಾರೆ! ನಮ್ಮೋನು ಸತ್ತಾಗ್ಲೂ ನಾನು ಜನದ ಮುಂದೆ ಅತ್ತೋಳಲ್ಲ ಕಣವ್ವ. ಲೆವಿಯೋರು ಮನೆಮನೆಗೂ ಓಗಿ, ಅವ್ಳೇ ಎದ್ಲು, ನಿಂದೇನಮ್ಮಿ ಅಂತಾವ್ರೆ. ನಮ್ ಬೀದಿ ಬೆಟ್ಟಮ್ಮ ಮೊದ್ಲು ಎದ್ಬುಟ್ಲು. ಆಮ್ಯಾಕೆ ಎಲ್ರೂ ಎದ್ರು. ನಮ್ಮನ್ ಕುಂಡ್ರುಸ್ಬುಟ್ಟು ನೀನು ಕದ್ದು ಕೊಟ್ಟೇನೇ ಅಂತ ನನ್ ಮೊಕಕ್ಕೆ ಉಗಿತಾವ್ರೆ. ಮೊರ ಕೇರಿದ್ದ ಹಾಸನದಾಗ್ ನಿಮಗ್ ಬುಟ್ರೆ ಯಾರ್ಗೂ ಅಂದಿರ್ನಿಲ್ಲ ನಾನು."

"ನಾನು ಹೇಳಿದ್ದು ಅದಲ್ಲ, ಚಿಕ್ಕಲಕ್ಷ್ಮಿ."

"ನೀವಂದಿದ್ದು ಯಾರ್ಗ್ ಕೇಳ್ತು? ಅವ್ರಂದಿದ್ದು ಸೀಮೆಗೆಲ್ಲ ಕೇಳ್ತು."

"ನಿನ್ನ ರಾಗಿ?"

"ಐತೆ. ನಾ ಕುಂತೇ ಇವ್ನಿ, ಈಗ ಸೊಸೆ ಕುಂತವ್ಳೆ. ಸುಕ್ರವಾರ ಪೊಲೀಸ್ನೋರ ಕರ್ಕಂಡ್ ಬತ್ತಾರಂತೆ. ಬರ್ಲಿ. ಒಬ್ಳೇ ಆದ್ರೂ ಕುಂತ್ಕತೀನಿ."

ಮಜ್ಜಿಗೆ ಕೊಡಹೋದರೆ ಬೇಡವೆಂದು ಕೈಯಾಡಿಸಿ ಹೊರಟುಹೋದಳು.

ಗುರುವಾರ ಸಂಜೆ ಪರಮಶಿವಯ್ಯ ವಿಭೂತಿ ಹಚ್ಚಿಕೊಂಡು ಉಲ್ಲಾಸದಿಂದ ಹೊಸ್ತಿಲಿಗೆ ಬಂದ. ಮೈಸೂರಿನವರು ತುಂಬ ಮೆಚ್ಚಿದ್ದಾರಂತೆ, ಇನ್ನು ವಾರವಾರವೂ ಬನ್ನಿ ಎಂದರಂತೆ. "ಈ ಸಲ ಎಲ್ಲಿಂದ ಶುರು ಮಾಡಲಿ, ಹೇಳು."

"ಏನೂ ಹೊಳೀತಿಲ್ಲ," ಎಂದಳು.

"ನಿನಗೆ ಹೊಳೀದೆ ಇರುತ್ತಾ? ಯೋಚನೆ ಮಾಡು," ಎಂದು ನಗುತ್ತ ಹೋದ.

ಅವಳು ಯೋಚನೆ ಮಾಡಿ ಆಗಿತ್ತು. ಆ ಕಲ್ಲಿನ ಮೇಲೆ ಇಬ್ಬರು ಕೂರುವಷ್ಟು ಜಾಗ ಇದ್ದೇ ಇರುತ್ತದೆ. ಮೇಷ್ಟ್ರ ಹೆಂಡತಿ ಪೊಲೀಸರ ಎದುರು ಹಗೇವಿನ ಮೇಲೆ ಕೂತಳೆಂದರೆ ಆ ಸುದ್ದಿಗೆ ರೇಡಿಯೋ ಬೇಕಿಲ್ಲ, ಸಂತೆಯಿಂದ ಸಂತೆಗೆ ತಾನೇ ಹೋಗುತ್ತದೆ. ಬೆಟ್ಟಮ್ಮನಿಗೂ ಕೇಳಿಸುತ್ತದೆ. ಗಂಡನ ನೌಕರಿ ಹೋಗಬಹುದು. ಅದನ್ನೂ ಅವಳು ತಿರುಗಿಸಿ ತಿರುಗಿಸಿ ನೋಡಿದಳು. ಮನಸ್ಸು ಹಿಂದೆಗೆಯಲಿಲ್ಲ.

ದುದ್ದಕ್ಕೆ ಹೋಗುವ, ಇದ್ದಿಲಿನಲ್ಲಿ ಓಡುವ ಬಸ್ಸು ಬೆಳಕು ಹರಿಯುವಾಗ ಹೊರಡುತ್ತಿತ್ತು. ನೀಲಾಂಬಿಕೆ ನಾಳೆಯ ಹುಳಿಗೆ ಬೇಳೆ ತೆಗೆದಳು, ಒಬ್ಬರಿಗೆ ಆಗುವಷ್ಟು ಮಾತ್ರ.