ಅರಿಶಿನ ಹಚ್ಚಿದ ಕಲ್ಲುಗಳು

ಈಗಿನ ವಿಡಿಯೋ ಗೇಮುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿಯುತ್ತಿತ್ತು ಎನ್ನಬೇಕು, ಈಗ ಅದನ್ನು ಹೇಳುವ ಯೋಗ್ಯತೆ ನನಗೆ ಉಳಿದಿಲ್ಲ. ಆದರೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ. ಒಂದು ತಾಲ್ಲೂಕಿನಷ್ಟು ದೊಡ್ಡ ಪ್ರದೇಶ ಕಟ್ಟಿ, ಎಲ್ಲಿ ಬೇಕಾದರೂ ಹೋಗು, ನೀನು ಸ್ವತಂತ್ರ ಎನ್ನುತ್ತಾರೆ. ನಕಾಶೆ ತೆರೆದರೆ ಇನ್ನೂರು ಚುಕ್ಕೆ! ಈ ಚುಕ್ಕೆಗೆ ಹೋಗಿ ಪೆಟ್ಟಿಗೆ ತೆಗೆ, ಆ ಚುಕ್ಕೆಗೆ ಹೋಗಿ ಕಳ್ಳನನ್ನು ಹೊಡೆ. ಇದು ಸ್ವಾತಂತ್ರ್ಯವೇ? ಅವ್ವ ಬರೆದುಕೊಟ್ಟ ಕಿರಾಣಿ ಚೀಟಿ. ಹತ್ತಬೇಕಾದ ಏಣಿಗೆ ಹಳದಿ ಬಣ್ಣ, ಒಡೆಯಬೇಕಾದ ಬಾಗಿಲಿಗೂ ಹಳದಿ ಬಣ್ಣ. ಹತ್ತು ಸೆಕೆಂಡು ನಿಂತು ಯೋಚಿಸಿದರೆ ಸಾಕು, ಜೊತೆಗಿರುವ ಪಾತ್ರ ‘ಆ ಗಾಲಿ ತಿರುಗಿಸಿ ನೋಡಬಾರದೇ?’ ಎಂದು ಬಾಯಿ ಹಾಕುತ್ತದೆ. ಸುಮ್ನಿರಪಾ, ನನಗೂ ತಲಿ ಐತಿ ಎಂದು ಪರದೆಗೇ ಬೈದವನು ನಾನು.

ನನ್ನ ಹೆಸರು ವೈಭವ, ಊರು ಕಲಬುರಗಿ. ಹೈದರಾಬಾದಿನ ನಾರಾಯಣಗೂಡದಲ್ಲಿ, ಕೋಚಿಂಗ್ ಸೆಂಟರೊಂದರ ಮೇಲಿನ ಮಹಡಿಯಲ್ಲಿರುವ ಸಣ್ಣ ಗೇಮ್ ಕಂಪನಿಯಲ್ಲಿ ನಾನು ಟೆಸ್ಟರ್. ಆಟ ಆಡಿ ಆಡಿ ತಪ್ಪು ಹುಡುಕುವುದು ಕೆಲಸ. ಹನ್ನೆರಡು ಜನರಲ್ಲಿ ಕನ್ನಡದವರು ಇಬ್ಬರೇ, ನಾನು ಮತ್ತು ಉಮಾಶ್ರೀ. ಆಕೆ ಕೊಪ್ಪಳದ ಕಡೆಯವಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಕ್ಕಾ ಎಂದೇ ಕರೆಯುತ್ತಿದ್ದೆ. ಆಟದೊಳಗಿನ ಜಾಗಗಳನ್ನು ಕಟ್ಟುವುದು, ಆಡುವವರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಯೋಚಿಸುವುದು ಆಕೆಯ ಕೆಲಸ.

ನಮ್ಮ ಆಟದಲ್ಲಿ ಹುಡುಗಿಯೊಬ್ಬಳು ಹಾಳುಕೋಟೆಯ ಬಾವಿಗೆ ಬೀಳುತ್ತಾಳೆ. ಗೋಡೆಯ ಕಲ್ಲು ಹಿಡಿದು ಮೇಲೆ ಬರಬೇಕು. ಕಲ್ಲುಗಳು ನೂರಾರು, ಕೈ ಹಿಡಿಯುವಂಥವು ಮೂವತ್ತು ಇರಬಹುದು. ಉಮಾಶ್ರೀ ಆ ಮೂವತ್ತಕ್ಕೂ ಅರಿಶಿನ ಹಚ್ಚಿ ಕುಂಕುಮದ ಬೊಟ್ಟು ಇಟ್ಟಿದ್ದಳು. ಅರ್ಧ ತೊಳೆದುಹೋದ, ಮಾಸಿದ ಅರಿಶಿನ. ನಿಜ ಹೇಳಬೇಕೆಂದರೆ ಭಾಳ ಚಂದ ಇತ್ತು. ನಾನು ಅದನ್ನು ಆಕೆಗೆ ಒಮ್ಮೆಯೂ ಹೇಳಲಿಲ್ಲ.

“ಅಕ್ಕಾ, ನೀವು ಆಡವ್ರನ್ನ ಕೂಸು ಅಂತ ತಿಳಿದೀರೇನ್ರಿ? ಹಳದಿ ಬಣ್ಣದ ಬದಲಿ ಅರಿಶಿನ, ಅಷ್ಟ ಫರಕು. ಕೈ ಹಿಡದು ನಡಸಾಕತ್ತೀರಿ.”

“ಕೈ ಹಿಡಿಯೂದಲ್ಲೋ ಅದು,” ಎಂದಳು. “ಅರಿಶಿನ ಹಚ್ಚಿದ ಕಲ್ಲು ಕಂಡ್ರ ನಮ್ಮ ಮಂದಿಗೆ ಏನನಸ್ತೈತಿ? ಇಲ್ಲಿ ಯಾರೋ ಮೊದಲ ಬಂದು ಹೋಗ್ಯಾರ ಅಂತ. ಅಷ್ಟ ಹೇಳತೈತಿ ಅದು. ಹತ್ತು ಅಂತ ಹುಕುಮ್ ಮಾಡೂದಿಲ್ಲ.”

“ಬಿಡ್ರಿ ಅಕ್ಕಾ, ಎಲ್ಲಾ ನೆವ.”

ತಿಂಗಳುಗಟ್ಟಲೆ ಈ ಜಗಳ ನಡೆಯಿತು. ಎಲ್ಲರಿಗೂ ತಮಾಷೆಯಾಗಿತ್ತು. ಆದರೆ ಬೇಸಿಗೆಯ ಕೊನೆಗೆ ಯಜಮಾನ ವಾಸುದೇವ ಸರ್ ಇಬ್ಬರನ್ನೂ ಕೂರಿಸಿಕೊಂಡು ತೆಲುಗಿನಲ್ಲಿ ನೇರವಾಗಿ ಹೇಳಿದರು: ಮುಂದಿನ ಆಟಕ್ಕೆ ಜಾಗ ಕಟ್ಟುವವರು ಒಬ್ಬರೇ ಸಾಕು. ಉಮಾಶ್ರೀಯ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ವೈಭವನಿಗೂ ಆ ಕೆಲಸದ ಆಸೆ ಇದೆ. ಅರಿಶಿನ ಅಳಿಸಿ ಎಂಟು ಜನ ಹೊರಗಿನವರಿಂದ ಆಡಿಸೋಣ. ಕಾಲು ಗಂಟೆಯೊಳಗೆ ಆರು ಜನ ಮೇಲೆ ಬಂದರೆ ವೈಭವ ಹೇಳಿದ್ದೇ ಸರಿ, ಜಾಗ ಅವನಿಗೆ. ಇಲ್ಲದಿದ್ದರೆ ಉಮಾಶ್ರೀಗೆ. ನಾನು ಆ ಕುರ್ಚಿಗಾಗಿ ಎರಡು ವರ್ಷ ಕಾದಿದ್ದೆ. ಅದು ಆಕೆಯ ಅನ್ನದ ಪ್ರಶ್ನೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು.

ಇಂಥ ಪರೀಕ್ಷೆಗೆ ಒಂದೇ ನಿಯಮ. ಆಡುವವರ ಹಿಂದೆ ಕುರ್ಚಿ ಹಾಕಿಕೊಂಡು ಕೂತವನು ತುಟಿ ಪಿಟಕ್ಕೆನ್ನಬಾರದು. ಆಡುವವರು ಬೈದರೂ, ಬೇಡಿಕೊಂಡರೂ, ಗೋಡೆಗೆ ತಲೆ ಗುದ್ದಿಕೊಂಡರೂ ಕಂಡದ್ದನ್ನು ಕಾಗದದ ಮೇಲೆ ಬರೆಯಬೇಕು, ಅಷ್ಟೆ. ತನ್ನ ಕೆಲಸವನ್ನು ತಾನೇ ಪರೀಕ್ಷಿಸುವ ಹಾಗಿಲ್ಲವೆಂದು ಉಮಾಶ್ರೀಯನ್ನು ಆ ಕೋಣೆಗೆ ಬಿಡಲಿಲ್ಲ. ಟೆಸ್ಟರ್ ನಾನೇ ಆದ್ದರಿಂದ ನಾನೇ ಕೂತೆ. ಅನುಮಾನ ಯಾರಿಗೂ ಬರಲಿಲ್ಲ. ಪರದೆಯ ಮೇಲಿನದು ಮಾತ್ರ ರೆಕಾರ್ಡ್ ಆಗುತ್ತಿತ್ತು, ಕೋಣೆಯ ಸದ್ದು ಆಗುತ್ತಿರಲಿಲ್ಲ.

ಮೊದಲು ಬಂದವನು ಕೆಳಗಿನ ಕೋಚಿಂಗಿನ ವಿದ್ಯಾರ್ಥಿ. ಐದು ನಿಮಿಷ, ಎಂಟು ನಿಮಿಷ. ಬಾವಿಯ ತಳದಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿದ್ದ. ಸರಿಯಾದ ಕಲ್ಲಿನ ಮುಂದೆಯೇ ಮೂರು ಸಲ ಹಾದುಹೋದ. ಕಣ್ಣಿಲ್ಲವೇನೋ ನಿನಗೆ ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ನಾಲ್ಕನೆಯ ಸಲ ಅವನು ಆ ಕಲ್ಲಿನ ಎದುರು ಬಂದಾಗ ನನಗೆ ಕೆಮ್ಮು ಬಂತು. ಅವನು ನಿಂತ. ಕಲ್ಲನ್ನು ನೋಡಿದ. ಗುಂಡಿ ಒತ್ತಿದ, ಹುಡುಗಿಯ ಕೈ ಕಲ್ಲು ಹಿಡಿಯಿತು.

ಆಣೆ ಮಾಡಿ ಹೇಳುತ್ತೇನೆ, ಆ ಮೊದಲನೆಯ ಕೆಮ್ಮು ನಿಜವಾದದ್ದು. ಎರಡನೆಯದು ಅಲ್ಲ.

ಮೂರನೆಯವನ ಹೊತ್ತಿಗೆ ಕುರ್ಚಿ ಕಿರುಗುಟ್ಟಿಸುವುದನ್ನು ಕಲಿತಿದ್ದೆ. ಪೆನ್ನು ಟಕ್ಕೆನ್ನಿಸಿದೆ, ಗಂಟಲು ಸರಿ ಮಾಡಿಕೊಂಡೆ. ಯಾರಿಗೂ ಸುಳಿವು ಕೊಡುತ್ತಿದ್ದೇನೆಂದು ನನಗೆ ಅನಿಸಲಿಲ್ಲ, ನೋಡಿ! ಇವರು ಹೇಗೂ ಕಂಡುಹಿಡಿಯುತ್ತಿದ್ದರು, ನಾನು ಸ್ವಲ್ಪ ಬೇಗ ಮಾಡಿಸಿದೆ ಎಂದುಕೊಂಡೆ. ಒಬ್ಬಳು ಮಾತ್ರ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಆಡಿದಳು. ಅವಳು ಹತ್ತಲೇ ಇಲ್ಲ. ಎಂಟನೆಯವನು ಬಾರದೆ ಕೈಕೊಟ್ಟಾಗ ಗೇಟಿನಲ್ಲಿದ್ದ ವಾಚ್‌ಮನ್ ಮಲ್ಲಣ್ಣ ಕಾಕಾನನ್ನು ಕರೆತಂದರು. ಯಾದಗಿರಿ ಕಡೆಯ ಮನುಷ್ಯ, ಐವತ್ತೈದರ ಮೇಲಿನ ವಯಸ್ಸು, ಜನ್ಮದಲ್ಲಿ ಗೇಮ್ ಆಡಿದವನಲ್ಲ. ನಡೆಯುವ ಗುಂಡಿ, ಹಿಡಿಯುವ ಗುಂಡಿ ತೋರಿಸಿಕೊಟ್ಟೆ. ಅವನಿಗಾಗಿ ಕೆಮ್ಮಿ ಕೆಮ್ಮಿ ನನ್ನ ಗಂಟಲೇ ಒಣಗಿತು. ಕಾಕಾ ಬೆವರು ಒರೆಸಿಕೊಂಡು ಹದಿನಾಲ್ಕನೆಯ ನಿಮಿಷಕ್ಕೆ ಮೇಲೆ ಬಂದ.

ಎಂಟರಲ್ಲಿ ಏಳು. ಕಾಗದ ನೋಡಿ ವಾಸುದೇವ ಸರ್ ನನ್ನ ಬೆನ್ನು ತಟ್ಟಿದರು. ಉಮಾಶ್ರೀ ಆ ಕಾಗದವನ್ನು ಎರಡು ಸಲ ಓದಿದಳು.

“ಕಾಕಾನೂ ಹತ್ತಿದ್ನಾ?”

“ಹತ್ತಿದ್ನ್ರಿ ಅಕ್ಕಾ.”

“ಹಂಗಾದ್ರ ನಿನ್ನ ಮಾತ ಖರೆ. ನಾನ ಮಂದೀನ ಕಡಿಮಿ ತಿಳದಿದ್ದೆ.” ಆಮೇಲೆ ನಕ್ಕು, “ಆದ್ರ ಒಂದ ಮಾತು. ನೀ ಹಿಂದಿಂದ ಆಡಿಕೊಳ್ಳಲಿಲ್ಲ, ಮಾರಿ ಮ್ಯಾಲ ಜಗಳಾಡಿದಿ. ಅದು ಚೊಲೋ ಗುಣ, ಬಿಡಬ್ಯಾಡ,” ಎಂದಳು. ನಾನು ತಲೆಯಾಡಿಸಿದೆ. ತಿಂಗಳ ಕೊನೆಗೆ ಆಕೆ ಹೋದಳು, ನಾನು ಆಕೆಯ ಕುರ್ಚಿಯಲ್ಲಿ ಕೂತೆ. ಗೇಮ್ ಆಡುವವರ ಗುಂಪುಗಳಲ್ಲಿ ‘ಆಟಗಾರರನ್ನು ನಂಬಿ’ ಎಂದು ಉದ್ದುದ್ದ ಬರೆದೆ. ಜನ ಮೆಚ್ಚಿದರು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮೂರು ವಾರ ಕಳೆದಿತ್ತು. ಬೆಳಿಗ್ಗೆ ಗೇಟಿನಲ್ಲಿ ಗಾಡಿ ನಿಲ್ಲಿಸುತ್ತಿದ್ದೆ. ಮಲ್ಲಣ್ಣ ಕಾಕಾ ಹತ್ತಿರ ಬಂದ.

“ಸಾಹೇಬ್ರ, ನಿಮ್ಮ ಕೆಮ್ಮು ಕಡಿಮಿ ಆತೇನ್ರಿ?”

“ಯಾವ ಕೆಮ್ಮು ಕಾಕಾ?”

“ಅವತ್ತ ಆಟದಾಗ ಕೆಮ್ಮಾಕತ್ತಿದ್ರಲ್ರಿ. ಭಾಳ ಉಪಕಾರ ಆತ್ರಿ ನಿಮ್ದು. ನೀವು ಕೆಮ್ಮಿದಾಗೊಮ್ಮೆ ನಾ ಗುಂಡಿ ಒತ್ತಿದ್ನಿ. ಇಲ್ಲಂದ್ರ ನನಗೇನ್ ತಿಳೀತಿತ್ರಿ, ಎಲ್ಲಾ ಕಲ್ಲು ಒಂದ ಥರ ಇದ್ವು.”

ಅವನ ಮುಖದಲ್ಲಿ ಕುಹಕವಿರಲಿಲ್ಲ. ಒಳ್ಳೆಯವನೆಂದೇ ತಿಳಿದು ಉಪಕಾರ ನೆನೆಯುತ್ತಿದ್ದ. ಮೇಲೆ ಹೋಗಿ ಕೂತರೆ ಕೈ ಓಡಲಿಲ್ಲ. ಆಟಗಾರರ ಕಿವಿಯಲ್ಲಿ ಉತ್ತರ ಉಸುರುವ ಪಾತ್ರಕ್ಕೆ ಅಷ್ಟು ವರ್ಷ ಬೈದೆನಲ್ಲ, ಈ ಸಲ ಆ ಪಾತ್ರ ನಾನೇ ಆಗಿದ್ದೆ. ಥೂ!

ಆ ಭಾನುವಾರ ಮಧ್ಯಾಹ್ನ ಲಿಂಗಂಪಲ್ಲಿಗೆ ಹೋದೆ. ಉಮಾಶ್ರೀ ಸ್ಟೇಷನ್ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ನನ್ನನ್ನು ಕಂಡು ಖುಷಿಯಾದಳು, ಅದನ್ನೇ ನನಗೆ ತಡೆಯಲಾಗಲಿಲ್ಲ. ಹೊಸ ಕೆಲಸ ಸಿಕ್ಕಿದೆ ಎಂದಳು. ಆಸ್ಪತ್ರೆಯ ಅರ್ಜಿಗಳನ್ನು ಕಂಪ್ಯೂಟರಿಗೆ ತುಂಬುವುದು, ನಾಳೆಯಿಂದ ಶುರು.

“ಗೇಮ್ ಕಂಪನಿ ಇನ್ನೂ ಎರಡ ಮೂರು ಅದಾವಲ್ರಿ ಅಕ್ಕಾ?”

“ಒಂದು ಕರದಿದ್ರು. ನಾ ಹೋಗಲಿಲ್ಲ.” ಗೋಡೆ ಕಡೆ ನೋಡುತ್ತ ಹೇಳಿದಳು. “ಒಂದು ಬಾಗಲಾ ಬರದ್ರೂ ಇದು ಮಂದಿಗೆ ಕಾಣತೈತೋ ಇಲ್ಲೋ ಅನಸ್ತೈತಿ. ಗೆರಿ ಎಳೀತೀನಿ, ಅಳಸ್ತೀನಿ. ಎಂಟರಾಗ ಏಳ ಮಂದಿ ವೈಭವ! ನನ್ನ ಕಣ್ಣ ಸುಳ್ಳು ಅಂದ ಮ್ಯಾಲ ಈ ಕೆಲಸದಾಗ ನಂದೇನೈತಿ?”

ಆಕೆಯ ಕೆಲಸ ಕಿತ್ತುಕೊಂಡೆ ಎಂದಷ್ಟೇ ತಿಳಿದು ಬಂದಿದ್ದೆ. ತನ್ನ ಕಣ್ಣಿನ ಮೇಲೆ ಆಕೆಗಿದ್ದ ನಂಬಿಕೆಯನ್ನೂ ಕಿತ್ತುಕೊಂಡಿದ್ದೆನೆಂದು ತಿಳಿದಿರಲಿಲ್ಲ. ಕೂತಲ್ಲಿಯೇ ಎಲ್ಲವನ್ನೂ ಹೇಳಿದೆ. ಕೆಮ್ಮು, ಕುರ್ಚಿ, ಪೆನ್ನು, ಹೆಡ್‌ಫೋನಿನ ಹುಡುಗಿ, ಮಲ್ಲಣ್ಣ ಕಾಕಾ. ತಪ್ಪಾಯಿತು ಅಕ್ಕಾ ಎಂದೆ. ಆಕೆ ಬೈಯಲಿಲ್ಲ. ನನ್ನ ಮುಂದೆ ಕೈ ಚಾಚಿದಳು.

“ಫೋನ್ ಕೊಡು.”

ವಾಸುದೇವ ಸರ್ ನಂಬರು ಹಚ್ಚಿ, ಸ್ಪೀಕರ್ ಹಾಕಿ, ನನ್ನ ಎದುರು ಇಟ್ಟಳು. ಮೊದಲಿಂದ ಹೇಳು ಎಂದು ಕಣ್ಣಲ್ಲೇ ಹೇಳಿದಳು. ತೆಲುಗಿನಲ್ಲಿ ಎಲ್ಲವನ್ನೂ ಮತ್ತೆ ಹೇಳಿದೆ.

“ಸರ್, ನಾ ಉಮಾಶ್ರೀ,” ಎಂದಳು ಆಕೆ, ತೆಲುಗಿನಲ್ಲೇ. “ಒಂದೇ ಕೇಳಬೇಕು ನನಗೆ. ವೈಭವ, ಯಾರ ಸಹಾಯವೂ ಇಲ್ಲದೆ ತಾವೇ ದಾರಿ ಕಂಡವರು ಎಷ್ಟು ಜನ?”

ಅಷ್ಟು ದಿನದಲ್ಲಿ ಅದನ್ನು ನಾನು ಎಣಿಸಿಯೇ ಇರಲಿಲ್ಲ. ಒಬ್ಬೊಬ್ಬರನ್ನೇ ನೆನಪಿಸಿಕೊಂಡೆ.

“ಒಬ್ಬರೂ ಇಲ್ಲ.”

ಸರ್ ಏನೋ ಗೊಣಗಿದರು. ಆಮೇಲೆ, ಉಮಾ, ನಾಳೆಯೇ ಬಂದುಬಿಡು, ಅರಿಶಿನ ಮತ್ತೆ ಹಾಕೋಣ, ಉಳಿದದ್ದು ವೈಭವನ ಹತ್ತಿರ ನಾನು ಮಾತಾಡುತ್ತೇನೆ ಎಂದು ಫೋನ್ ಇಟ್ಟರು. ಆ ಕುರ್ಚಿ ಹೋಯಿತೆಂದು ನನಗೆ ಅರ್ಥವಾಯಿತು. ಹೋಗಲಿ ಎನಿಸಿತು.

ಉಮಾಶ್ರೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಎದ್ದು ಹೋಗಲೋ ಕೂರಲೋ ತಿಳಿಯಲಿಲ್ಲ. ಕೊನೆಗೆ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು.

“ಈ ಇಪ್ಪತ್ತು ದಿನ ನೀ ಹೆಂಗ ಉಂಡಿ? ಹೆಂಗ ಮಲಗಿದಿ?”

ನಾನು ಹೊಟ್ಟೆ ತುಂಬ ಉಂಡಿದ್ದೆ. ಮೈಮರೆತು ಮಲಗಿದ್ದೆ.