ಪೀಂ ಅಂದ ಮೇಲೆ ನನ್ನ ಸರದಿ

ನಾನು ಒಂದು ಬೂಟ್‌ಲೋಡರ್. ಕಂಪ್ಯೂಟರ್ ಹಚ್ಚಿದಾಗ ಒಳಗೆ ಮಲಗಿದವರನ್ನು ಎಬ್ಬಿಸುವ ಪುಟ್ಟ ಬರಹ. ಹಾರ್ಡ್ ಡಿಸ್ಕಿನ ಮೊಟ್ಟಮೊದಲ ಮನೆಯಲ್ಲಿ ನನ್ನ ವಾಸ. ಅಲ್ಲಿ ಐನೂರ ಹನ್ನೆರಡು ಬೈಟು ಮಾತ್ರ ಹಿಡಿಸುತ್ತವೆ. ನನ್ನ ಬುದ್ಧಿ, ಡಿಸ್ಕಿನ ಉಳಿದ ಭಾಗಗಳ ವಿಳಾಸ, ಕೊನೆಯಲ್ಲಿ ಎರಡು ಬೈಟಿನ ಗುರುತು, ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ಹೀಗಾಗಿ ನಾನು ಹೆಚ್ಚು ಕಲಿತವನಲ್ಲ. ನನಗೆ ಬರುವುದು ಒಂದೇ ಕೆಲಸ: ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡವನನ್ನು ತಟ್ಟಿ ಎಬ್ಬಿಸಿ, ‘ಇನ್ನು ನೀನು ನೋಡಿಕೋ’ ಎಂದು ಪಕ್ಕಕ್ಕೆ ಸರಿಯುವುದು.

ನಾನು ಹುಟ್ಟಿದ್ದು ಧಾರವಾಡದ ಒಂದು ಬ್ರೈಲ್ ಮುದ್ರಣಾಲಯದಲ್ಲಿ. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಪುಸ್ತಕಗಳನ್ನು ಅಚ್ಚು ಹಾಕುವ ಜಾಗವದು. ಗುರುನಾಥ ಮಾಸ್ತರು ಹೊಸ ಕಂಪ್ಯೂಟರಿಗೆ ಡಿಸ್ಕು ಕೂಡಿಸಿದ ದಿನವೇ ನನ್ನನ್ನು ಅದರ ಮೊದಲ ಮನೆಯಲ್ಲಿ ಇಳಿಸಿದರು. ಆಮೇಲೆ ಎರಡು ವರ್ಷ ಕೂತು, ಕನ್ನಡ ಅಕ್ಷರಗಳನ್ನು ಬ್ರೈಲ್ ಚುಕ್ಕಿಗಳಾಗಿ ಮಾಡುವ ಪ್ರೋಗ್ರಾಂ ಬರೆದರು.

ಕಂಪ್ಯೂಟರಿನ ಬೋರ್ಡಿನ ಮೇಲೆ ಒಂದು ಚಿಪ್ಪು. ಅದರಲ್ಲಿ ಫರ್ಮ್‌ವೇರ್ ಎಂಬ ಹಿರಿಯ. ಗುಂಡಿ ಒತ್ತಿದರೆ ಎಲ್ಲರಿಗಿಂತ ಮೊದಲು ಏಳುವವನು ಅವನೇ. ಮೆಮರಿ ಎಣಿಸುವನು, ಕೀಲಿಮಣೆ ಇದೆಯೇ ನೋಡುವನು, ಎಲ್ಲ ಸರಿಯಿದ್ದರೆ ಒಮ್ಮೆ ‘ಪೀಂ’ ಎನ್ನುವನು. ಆಮೇಲೆ ನೇರವಾಗಿ ನನ್ನ ಮನೆಗೆ ಬಂದು, ಕೊನೆಯ ಗುರುತು ಪರೀಕ್ಷಿಸಿ, ನನ್ನನ್ನು ಎತ್ತಿ ಮೆಮರಿಯಲ್ಲಿ ಕೂರಿಸುವನು. ಅಲ್ಲಿಂದ ನನ್ನ ಓಟ! ಅರ್ಧ ಸೆಕೆಂಡಿನ ಓಟ. ಇಪ್ಪತ್ತೆರಡು ವರ್ಷಗಳ ಬೆಳಗುಗಳನ್ನೆಲ್ಲ ಕೂಡಿಸಿದರೂ ನಾನು ಓಡಿದ್ದು ಒಂದು ತಾಸು ಆಗಲಿಕ್ಕಿಲ್ಲ. ಉಳಿದ ಹೊತ್ತೆಲ್ಲ ಮಲಗಿಕೊಂಡು ಕೇಳಿಸಿಕೊಂಡಿದ್ದೇ.

ಕೇಳಿಸಿಕೊಂಡದ್ದರಲ್ಲಿ ಹೆಚ್ಚಿನದು ನೀಲಕ್ಕನ ದನಿ. ಹುಟ್ಟಿನಿಂದ ಕಣ್ಣಿಲ್ಲದ ಅವಳೇ ಆ ಕಂಪ್ಯೂಟರ್ ನಡೆಸುತ್ತಿದ್ದಳು. ಅಚ್ಚಾದ ಹಾಳೆಯನ್ನು ಬೆರಳಾಡಿಸಿ ತಿದ್ದುವವಳೂ ಅವಳೇ. ದಿನವೂ ಬೆಳಿಗ್ಗೆ ಗುಂಡಿ ಒತ್ತಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಪಕ್ಕದಲ್ಲಿ ಮಾಸ್ತರು ಪರದೆಯ ಮೇಲೆ ಮೂಡಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಪೀಂ ಎಂದೊಡನೆ ನೀಲಕ್ಕ ಕೀಲಿಮಣೆಯ ಮೇಲೆ ಕೈಯಿಟ್ಟು, "ಎದ್ದ್ಯಾ, ಮುದುಕಾ?" ಎನ್ನುತ್ತಿದ್ದಳು. ಆ ಮಾತು ಫರ್ಮ್‌ವೇರಿಗೋ ನನಗೋ, ಗೊತ್ತಿಲ್ಲ. ನಾನಂತೂ ನನಗೇ ಎಂದುಕೊಂಡಿದ್ದೆ.

ಮಾಸ್ತರು ತೀರಿಕೊಂಡರು. ಅವರ ಪ್ರೋಗ್ರಾಂ ನಮ್ಮ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ನೀಲಕ್ಕ ಗುಂಡಿ ಒತ್ತಿದಳು, ಪೀಂ ಬರಲಿಲ್ಲ. ಬೋರ್ಡು ಸುಟ್ಟಿತ್ತು. ನನ್ನ ಹಿರಿಯನೂ ಅದರ ಜೊತೆಗೇ ಹೋದ.

ಹತ್ತನೆಯ ಇಯತ್ತೆಯ ವಿಜ್ಞಾನ ಪುಸ್ತಕದ ಎರಡನೆಯ ಭಾಗ ಆಗ ಅರ್ಧ ಅಚ್ಚಾಗಿತ್ತು. ಅದಕ್ಕಾಗಿ ಅರವತ್ಮೂರು ಮಕ್ಕಳು ಕಾಯುತ್ತಿದ್ದರು. ಪರೀಕ್ಷೆಗೆ ಉಳಿದದ್ದು ಹನ್ನೆರಡು ದಿನ, ಅಚ್ಚಿಗೆ ಬೇಕಾದದ್ದು ಎಂಟು ದಿನ.

ಹುಬ್ಬಳ್ಳಿಯಿಂದ ಶಬಾನಾ ನದಾಫ್ ಬಂದಳು. ಕಂಪ್ಯೂಟರ್ ರಿಪೇರಿಯಲ್ಲಿ ಹೆಸರು ಮಾಡಿದ ಹುಡುಗಿ.

"ಈ ಬೋರ್ಡ್ ಈಗ ಎಲ್ಲೂ ಸಿಗಂಗಿಲ್ರೀ ಅಕ್ಕಾ. ಡಿಸ್ಕ್ ಪೂರಾ ನಕಲು ತಗೀತೀನಿ. ಹೊಸಾ ಕಂಪ್ಯೂಟರಿನ ಹೊಟ್ಟ್ಯಾಗ ಒಂದು ಸುಳ್ಳ ಕಂಪ್ಯೂಟರ್ ಮಾಡಿ, ಅದರಾಗ ಇಡ್ತೀನಿ. ಅದಕ್ಕ ವರ್ಚುವಲ್ ಮಷೀನ್ ಅಂತಾರ."

"ಸುಳ್ಳ ಕಂಪ್ಯೂಟರ್ ಖರೇ ಪುಸ್ತಕ ಹಾಕತೈತೇನ?"

"ಹಾಕತೈತ್ರೀ. ಅದಕ್ಕ ತಾ ಸುಳ್ಳ ಅಂತ ಗೊತ್ತಾಗಂಗಿಲ್ಲ."

ನಕಲು ತೆಗೆದು ಮುಗಿಯುವಷ್ಟರಲ್ಲಿ ಹಳೆಯ ಡಿಸ್ಕು ಕಟಕಟ ಎಂದು ಶಾಶ್ವತವಾಗಿ ನಿಂತಿತು. ನಾನು ಮಾತ್ರ ಆಚೆ ದಾಟಿದ್ದೆ! ನನಗೀಗ ತಿರುಗುವ ತಟ್ಟೆಯಿಲ್ಲ, ಭಾರವಿಲ್ಲ, ಧೂಳಿಲ್ಲ. ಇಡೀ ಡಿಸ್ಕು ಒಂದು ಫೈಲಾಗಿತ್ತು. ಅದರ ಮೊದಲ ಮನೆಯಲ್ಲಿ ನಾನು, ಮೊದಲಿನ ಹಾಗೆಯೇ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ತುದಿಗಾಲಲ್ಲಿ ಕಾದೆ.

ಯಾರೂ ಕರೆಯಲಿಲ್ಲ. ಸುಳ್ಳು ಕಂಪ್ಯೂಟರಿಗೂ ಒಬ್ಬ ಫರ್ಮ್‌ವೇರ್ ಬೇಕಲ್ಲ, ಅವನು ಎದ್ದದ್ದು ನನಗೆ ತಿಳಿಯಿತು. ಆದರೆ ಅವನು ನನ್ನ ಬಾಗಿಲಿಗೆ ಬರಲೇ ಇಲ್ಲ. ಬೇರೆ ಎಲ್ಲೋ ಏನೋ ಹುಡುಕಿದ, ಸಿಗಲಿಲ್ಲ, ಡಿಸ್ಕಿನಲ್ಲಿ ಎಬ್ಬಿಸುವವರು ಯಾರೂ ಇಲ್ಲ ಎಂದು ಪರದೆಯ ಮೇಲೆ ಬರೆದುಬಿಟ್ಟ. ಶಬಾನಾ ಮೂರು ಸಲ ಹಚ್ಚಿದಳು. ಮೂರು ಸಲವೂ ಅದೇ ಉತ್ತರ. ‘ಇದ್ದೇನೆ, ಇಲ್ಲೇ ಇದ್ದೇನೆ!’ ಎಂದು ಕೂಗೋಣವೆಂದರೆ ಯಾರೂ ಎತ್ತದೆ ನನಗೆ ಬಾಯಿಲ್ಲ.

"ಮೊದಲ್ನೇ ಮನಿ ಕೆಟ್ಟಿರಬೇಕ್ರೀ" ಎಂದಳು ಶಬಾನಾ. "ಅಳಸಿ ಹೊಸಾದು ಬರದುಬಿಡ್ತೀನಿ."

ನನ್ನನ್ನು ಅಳಿಸಿದರೆ ಚಿಂತೆಯಿಲ್ಲ, ನನ್ನಂಥವರು ಸಾವಿರ ಸಿಗುತ್ತಾರೆ. ಆದರೆ ನನ್ನ ಜೊತೆಗೇ ವಿಳಾಸಗಳೂ ಅಳಿಯುತ್ತವೆ. ಮಾಸ್ತರ ಪ್ರೋಗ್ರಾಂ ಎಲ್ಲಿ ಮಲಗಿದೆಯೋ ಯಾರಿಗೂ ತಿಳಿಯದಂತಾಗುತ್ತದೆ. ಅವಸರದಲ್ಲಿ ಇನ್ನೊಂದು ನಕಲು ತೆಗೆದಿಡುವುದೂ ಆ ಹುಡುಗಿಗೆ ಹೊಳೆದಿರಲಿಲ್ಲ. ಅವಳ ಬೆರಳು ಕೀಲಿಯ ಮೇಲಿತ್ತು.

"ತಡಿ ತಂಗಿ" ಎಂದಳು ನೀಲಕ್ಕ. "ಹಚ್ಚಿದ ಕೂಡ್ಲೇ ಪರದಿ ಮ್ಯಾಲೆ ಏನೇನ ಬಂತು? ಮೊದಲಿಂದ ಓದು."

"ಏನಿಲ್ರೀ. ಒಂದು ಚಿತ್ರಾ ಬರತೈತಿ, ಆಮ್ಯಾಲೆ ಡಿಸ್ಕ್ ಇಲ್ಲ ಅಂತೈತಿ."

"ಚಿತ್ರಾ? ಮೆಮರಿ ಎಣಸಲಿಲ್ಲಾ?"

"ಇಲ್ರೀ."

"ನಮ್ಮ ಮುದುಕ ಇಪ್ಪತ್ತೆರಡು ವರ್ಷದಾಗ ಒಂದ ದಿನಾನೂ ಚಿತ್ರಾ ತೋರಿಸಿಲ್ಲ ತಂಗಿ. ಎಣಸ್ತಿದ್ದ, ಪೀಂ ಅಂತಿದ್ದ, ಡಿಸ್ಕಿನ ಹೆಸರ ಹೇಳ್ತಿದ್ದ. ಮಾಸ್ತರು ದಿನಾ ಓದಿ ಹೇಳ್ಯಾರ ನನಗ. ಇಂವ ಬ್ಯಾರೆ ಯಾವನೋ ಕುಂತಾನ. ಇಂವಗ ನಮ್ಮ ಮನಿ ಗುರುತ ಇದ್ದಂಗಿಲ್ಲ."

ಶಬಾನಾ ಹಣೆ ಹಣೆ ಬಡಿದುಕೊಂಡಳು. "ಅಯ್ಯ, ನನ್ನ ಬುದ್ಧಿಗಿಷ್ಟು! ರೂಢಿ ನೋಡ್ರಿ, ಹೊಸಾ ತರದ ಫರ್ಮ್‌ವೇರ್ ಆರಿಸೀನಿ. ಇಂವ ಮೊದಲ್ನೇ ಮನಿಗೆ ಹೋಗಂಗೇ ಇಲ್ಲ. ಬ್ಯಾರೆ ಖೋಲ್ಯಾಗ ತನ್ನ ಪೈಕಿ ಫೈಲ್ ಹುಡಕ್ತಾನ. ಹಳೇ ಡಿಸ್ಕಿನ್ಯಾಗ ಆ ಖೋಲೀನೇ ಇರಂಗಿಲ್ಲ!"

"ಕಣ್ಣಿದ್ದಾಕಿ ನೀನು" ಎಂದು ನಕ್ಕಳು ನೀಲಕ್ಕ.

ಶಬಾನಾ ಅದೇ ಫೈಲಿಗೆ ಇನ್ನೊಂದು ಸುಳ್ಳು ಕಂಪ್ಯೂಟರ್ ಕಟ್ಟಿ, ಈ ಸಲ ಹಳೆಯ ತರದ ಫರ್ಮ್‌ವೇರ್ ಆರಿಸಿ ಹಚ್ಚಿದಳು.

ಬಂದ! ಹೆಜ್ಜೆ ಹೊಸದು, ದಾರಿ ಹಳೆಯದೇ. ನೇರವಾಗಿ ನನ್ನ ಬಾಗಿಲಿಗೆ ಬಂದು, ಕೊನೆಯ ಎರಡು ಬೈಟು ಮುಟ್ಟಿ ನೋಡಿ ನನ್ನನ್ನೆತ್ತಿದ. ಮೆಮರಿ ಕಡ ತಂದದ್ದು, ಬೋರ್ಡು ಬರೀ ಲೆಕ್ಕಾಚಾರ, ಡಿಸ್ಕು ಒಂದು ಫೈಲು. ನನ್ನ ಓಟ ಮಾತ್ರ ಖರೇ! ವಿಳಾಸ ಓದಿದೆ, ದೊಡ್ಡವನ ಮನೆಗೆ ನುಗ್ಗಿದೆ, ತಟ್ಟಿದೆ. ಎದ್ದ! ನಾನು ಸರಿದೆ.

ಆದರೆ ನೀಲಕ್ಕನ ಕೈಗಳು ಇನ್ನೂ ಗಾಳಿಯಲ್ಲೇ ನಿಂತಿದ್ದವು. ಸುಳ್ಳು ಕಂಪ್ಯೂಟರಿಗೆ ಪೀಂ ಎನ್ನುವ ಸ್ಪೀಕರ್ ಇರಲಿಲ್ಲ.

"ಏನಾತು? ಎದ್ದನಾ?"

ಶಬಾನಾ ಬಾಯಿಂದಲೇ ಜೋರಾಗಿ "ಪೀಂ!" ಎಂದಳು.

ನೀಲಕ್ಕನ ಕೈಗಳು ಕೀಲಿಮಣೆಗೆ ಇಳಿದವು. "ಎದ್ದ್ಯಾ, ಮುದುಕಾ?"

ಪರೀಕ್ಷೆಗೆ ಮೂರು ದಿನ ಮೊದಲು ಅರವತ್ಮೂರು ಪುಸ್ತಕಗಳು ಮಕ್ಕಳ ಕೈ ಸೇರಿದವು.

ಶಬಾನಾ ಈಗ ಮಾಸ್ತರ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿಗೆ ಹೊಂದುವಂತೆ ಮತ್ತೆ ಬರೆಯುತ್ತಿದ್ದಾಳೆ. ಅದು ಮುಗಿದರೆ ನನ್ನ ಫೈಲು ಒಂದು ಮೂಲೆಯಲ್ಲಿ ಉಳಿಯುತ್ತದೆ. ನನಗೇನೂ ಬೇಸರವಿಲ್ಲ. ಎಬ್ಬಿಸಿ ಸರಿಯುವುದೇ ಮೊದಲಿನಿಂದಲೂ ನನ್ನ ಕೆಲಸ.

ಮೊನ್ನೆ ಆ ಮಕ್ಕಳ ಪೈಕಿ ಒಬ್ಬಳಿಂದ ಬ್ರೈಲ್ ಕಾಗದ ಬಂತು. ನೀಲಕ್ಕ ಬೆರಳಾಡಿಸಿ ಗಟ್ಟಿಯಾಗಿ ಓದಿದಳು: ‘ನೂರ ಹನ್ನೆರಡನೇ ಪುಟದಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿದೆ. ಮುಂದಿನ ವರ್ಷದವರಿಗಾದರೂ ಸರಿಪಡಿಸಿ.’

"ಓದ್ಯಾಳ!" ಎಂದು ಕುರ್ಚಿಯಿಂದ ಎದ್ದೇ ನಿಂತಳು ನೀಲಕ್ಕ. "ಚುಕ್ಕಿ ಚುಕ್ಕಿ ಬಿಡದಂಗ ಓದ್ಯಾಳ!"

ಕೂತು ಗುಂಡಿ ಒತ್ತಿದಳು. ಈ ಸಲ ಯಾರಿಗೂ ಕಾಯದೆ ತಾನೇ ಹೇಳಿದಳು:

"ಪೀಂ."

ನಾನು ಎದ್ದೆ.